ಒಂದು ಮೆಟ್ಟಿಲು ತಗ್ಗಿನಲ್ಲಿ ಅಧಿಕಾರಿ

ಜರ್ಮನಿಯ ಆಖೆನ್‌ ಊರಿನ ವಿದೇಶಿಯರ ಕಚೇರಿಯಲ್ಲಿ ಕುಳಿತೇ ಇದನ್ನು ಗೀಚುತ್ತಿದ್ದೇನೆ. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುವ ಗ್ರೀನ್ ಕಾರ್ಡಿನಲ್ಲಿ ಇಲ್ಲಿಗೆ ಬಂದ ತಂಗಿಯ ಮಗಳು ವಿದ್ಯಾಳ ವಾಸದ ಪರವಾನಗಿ ಇವತ್ತು ಮುಂದುವರಿಯಬೇಕಿತ್ತು. ಅವಳು ಫೈಲು ಅಪ್ಪಿಕೊಂಡು ಅಧಿಕಾರಿಯ ಮುಂದೆ ಕುಳಿತಾಗ ನನ್ನ ಕಣ್ಣಿಗೆ ಬಿತ್ತು: ಅಧಿಕಾರಿಯ ಕಡೆಯ ನೆಲ ಒಂದು ಮೆಟ್ಟಿಲು ತಗ್ಗು! ಆಕೆ ತಲೆಯೆತ್ತಿಯೇ ವಿದ್ಯಾಳನ್ನು ಮಾತಾಡಿಸಬೇಕು.

ನಾನು ಮೂವತ್ತು ವರ್ಷ ಪಿಡಬ್ಲ್ಯುಡಿ ಎಂಜಿನಿಯರ್ ಆಗಿದ್ದವನು. ತಡೆಯಲಾಗದೆ ಜೇಬಿನ ಟೇಪು ತೆಗೆದು, ಮಂಡಿಯೂರಿ ಅಳೆಯತೊಡಗಿದೆ. ಪಕ್ಕದ ಕುರ್ಚಿಯ ಮುದುಕರು ಜೋರಾಗಿ ನಕ್ಕು, ಇಂಗ್ಲಿಷಿನಲ್ಲಿ, “ಹದಿನೈದು ಸೆಂಟಿಮೀಟರ್. ಈ ಕಟ್ಟಡದ ನಕ್ಷೆ ನನ್ನದೇ” ಎಂದರು.

ಅವರು ಮೂಲತಃ ಹಾಲೆಂಡಿನವರಂತೆ. ಯೌವನದಲ್ಲಿ ಗಡಿ ದಾಟಿ ಜರ್ಮನಿಗೆ ಬಂದಾಗ ಇಂಥದೇ ಕಚೇರಿಯೊಂದರ ಎತ್ತರದ ಮೇಜಿನ ಮುಂದೆ ಕತ್ತು ನೋಯುವಷ್ಟು ಹೊತ್ತು ನಿಂತಿದ್ದರಂತೆ. ಆಮೇಲೆ ತಾವು ಕಟ್ಟಿದ ಪ್ರತಿ ಸರಕಾರಿ ಕಟ್ಟಡದಲ್ಲೂ ಅಧಿಕಾರಿಗಳನ್ನು ಒಂದು ಮೆಟ್ಟಿಲು ಇಳಿಸಿಬಿಟ್ಟರು! ಜನ ಹೇಗೆ ಕೂರುತ್ತಾರೆಂದು ನೋಡಲು ಈಗಲೂ ಆಗಾಗ ಬರುತ್ತಾರಂತೆ.

“ಮಾವ, ಎಕ್ಸ್‌ಟೆನ್ಶನ್ ಸಿಕ್ತು!” ವಿದ್ಯಾ ಓಡಿಬಂದಳು. “ಅಯ್ಯೋ, ಇಲ್ಲೂ ಟೇಪಾ? ಏಳಿ ಮಾವ, ಎಲ್ಲರೂ ನೋಡ್ತಿದ್ದಾರೆ.”

ಎದ್ದು ನಿಂತು, ಖುಷಿಯ ಭರದಲ್ಲಿ, ನಾನೂ ನಾಲ್ಕು ತಾಲ್ಲೂಕು ಕಚೇರಿ ಕಟ್ಟಿಸಿದ್ದೇನೆಂದು ಮುದುಕರಿಗೆ ಹೇಳಿದೆ.

“ಅಲ್ಲಿ ಜನ ಅರ್ಜಿ ಕೊಡುವ ಕಿಂಡಿ ಎಷ್ಟು ಎತ್ತರದಲ್ಲಿದೆ?”

ಸೊಂಟದ ಹತ್ತಿರ ಕೈಯಿಟ್ಟು ತೋರಿಸಿದೆ.

ಅವರು ಎದ್ದರು. ಕಿಂಡಿಯ ಮುಂದೆ ಅರ್ಜಿ ಹಿಡಿದು ನಿಂತವರ ಹಾಗೆ ನನ್ನ ಕೈಯಿದ್ದ ಎತ್ತರಕ್ಕೆ ಬಾಗಿ, ಕತ್ತು ಹೊರಳಿಸಿ, ಕೆಳಗಿನಿಂದ ನನ್ನ ಮುಖ ನೋಡಿದರು.