ಮೂರು ಬೆರಳಿನ ಹಸ್ತ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಅಚ್ಚಿನಕ್ಕ ಎಂದೇ ಕರೆಯುತ್ತಿದ್ದರು. ಅದೇ ಕಟ್ಟಡದಲ್ಲಿ ಹಿಂದೆ ಥರ್ಮಾಕೋಲ್ ತಯಾರಾಗುತ್ತಿತ್ತು. ಅವಳ ಗಂಡ ಅಲ್ಲಿ ಇಪ್ಪತ್ತು ವರ್ಷ ದುಡಿದು, ಕತ್ತರಿಸುವ ಯಂತ್ರಕ್ಕೆ ಬಲಗೈಯ ಎರಡು ಬೆರಳು ಕಳೆದುಕೊಂಡು, ಕೊನೆಗೆ ಎದೆನೋವಿನಿಂದ ತೀರಿಹೋಗಿದ್ದ.

ಮರುವರ್ಷ ಸರ್ಕಾರದ ಹೊಸ ನೀತಿ ಬಂತು. ಇನ್ನು ಮುಂದೆ ಸರ್ಕಾರಿ ಕಚೇರಿಗಳು ಬೆಳೆಯ ಉಳಿಕೆಯಿಂದ ಮಾಡಿದ ಪೆಟ್ಟಿಗೆಗಳನ್ನೇ ಕೊಳ್ಳಬೇಕು. ಯಂತ್ರಗಳಿಗೆ ಅರ್ಧ ಸಹಾಯಧನ. ಆದರೆ ಒಂದು ಷರತ್ತು: ಹಳೆಯ ಕಾರ್ಮಿಕರ ಮನೆಯವರಿಗೆ ಮೊದಲು ತರಬೇತಿ, ಮೊದಲು ಕೆಲಸ. ಹಾಗೆ ಕಾರ್ಖಾನೆ ಥರ್ಮಾಕೋಲ್ ಬಿಟ್ಟು ಆ ಪೆಟ್ಟಿಗೆಗಳಿಗೆ ತಿರುಗಿತು, ಅವಳು ಗಂಡ ನಡೆದಾಡಿದ ನೆಲದ ಮೇಲೆಯೇ ಕೆಲಸಕ್ಕೆ ನಿಂತಳು.

ಬೇಯಿಸಿದ ಭತ್ತದ ಹೊಟ್ಟಿಗೆ ಅಣಬೆ ಬೀಜ ಬೆರೆಸಿ ಅಚ್ಚಿಗೆ ತುಂಬುವುದು, ಕತ್ತಲೆ ಕೋಣೆಯಲ್ಲಿ ಐದು ದಿನ ಇಡುವುದು. ಬಿಳಿ ಎಳೆಗಳು ಹೊಟ್ಟನ್ನೆಲ್ಲ ಹೆಣೆದು ಪೆಟ್ಟಿಗೆಗೆ ಬೇಕಾದ ಗಟ್ಟಿ ಹಲಗೆ ಮಾಡುತ್ತಿದ್ದವು. ಆಮೇಲೆ ಓವನ್ನಿನಲ್ಲಿ ಒಣಗಿಸಿದರೆ ಆಯಿತು.

ಒಂದು ಬೆಳಿಗ್ಗೆ ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟಳು. ಬಿಳಿ ಹಲಗೆಯ ಮೇಲೆ ಒಂದು ಬಲಗೈ ಮೂಡಿತ್ತು. ಮೂರೇ ಬೆರಳು.

ಮೇಸ್ತ್ರಿ ನಕ್ಕ. "ಯಾರೋ ತಮಾಷೆಗೆ ಕೈ ಒತ್ತಿರ್ತಾರೆ ಬಿಡಕ್ಕ."

"ಒತ್ತಿದ್ರೆ ತಗ್ಗು ಬೀಳ್ಬೇಕಲ್ವಾ? ಇದು ಉಬ್ಬಿದೆ ನೋಡಿ."

ಅವನ ನಗು ನಿಂತಿತು.

ಅಂದೇ ಇಲಾಖೆಯ ಪರಿಶೀಲಕರು ಬರುವವರಿದ್ದರು. ಅವರು ಬಂದು ಟೇಪು ಹಿಡಿದು ಅಳೆದು, "ಇದರ ದಪ್ಪ ಅಳತೆ ಮೀರಿದೆ" ಎಂದರು. ಆ ಹಸ್ತದ ಮೇಲೆ ಕೈಯಿಟ್ಟವರು ಬೆಂಕಿ ಮುಟ್ಟಿದಂತೆ ಹಿಂದಕ್ಕೆಳೆದುಕೊಂಡರು.

"ಬೆಚ್ಚಗಿದೆಯಲ್ರೀ!"

"ಬೆಳೆಯುವಾಗ ಶಾಖ ಬರುತ್ತೆ ಸರ್," ಎಂದ ಮೇಸ್ತ್ರಿ. ಆದರೆ ಅವನು ಮುಟ್ಟಲಿಲ್ಲ.

ಅವಳು ಮುಟ್ಟಿದಳು. ಅಂಗೈಗೆ ಅಂಗೈ ಇಟ್ಟು ನಿಂತಳು. ಬೆರಳಿಲ್ಲದ ಕಡೆ ಅವಳ ಬೆರಳುಗಳಡಿ ಎಳೆಗಳು ಮೆಲ್ಲಗೆ ಮಿಸುಕಿದಂತಾಯಿತು. ಅವಳಿಗೆ ಹೆದರಿಕೆಯಾಯಿತು, ಕೈ ಮಾತ್ರ ತೆಗೆಯಲಿಲ್ಲ.

"ಹೋಗ್ಬನ್ನಿ," ಎಂದು ಪಿಸುಗುಟ್ಟಿ, ತಾನೇ ಹಲಗೆಯನ್ನು ಓವನ್ನಿಗಿಟ್ಟಳು.

ಹೊರಬಂದಾಗ ಹಲಗೆ ಸಪಾಟಾಗಿತ್ತು. ಪರಿಶೀಲಕರು ಎರಡು ಸಲ ಅಳೆದು ಮುದ್ರೆ ಒತ್ತಿದರು. ಸಂಜೆಯೊಳಗೆ ಅದು ಉಳಿದವುಗಳ ಜತೆ ಲಾರಿ ಹತ್ತಿತು.

ವಿಷಯ ತಿಳಿದ ಮಗಳು, "ಅಮ್ಮಾ, ಆ ಕೆಲಸ ಬಿಟ್ಬಿಡು," ಎಂದು ಗೋಗರೆದಳು.

"ನಿಮ್ಮಪ್ಪ ನಂಗೆ ಯಾವತ್ತಾದ್ರೂ ಕೆಟ್ಟದ್ದು ಮಾಡಿದ್ರೇನೇ?"

ಇನ್ನೂ ಆರು ವರ್ಷ ಅವಳು ಅಲ್ಲೇ ದುಡಿದಳು. ಹಸ್ತ ಮತ್ತೆ ಮೂಡಲಿಲ್ಲ. ಪ್ರತಿ ಮುಚ್ಚಳ ತೆಗೆಯುವಾಗಲೂ ಅವಳು ಮಾತ್ರ ಒಂದು ಕ್ಷಣ ತಡೆಯುತ್ತಿದ್ದಳು.