ಹರ್ಷದಾ ವೈನಿಯ ಬಡ್ಡಿಯಿಲ್ಲದ ಕಾರ್ಡು

ನನಗೆ ಯಾರನ್ನೂ ಸುಮ್ಮನೆ ಹೊಗಳುವ ಚಟವಿಲ್ಲ. ಬೈಯುವ ಚಟ ಬೇಕಾದಷ್ಟಿದೆ, ಬೇಕಿದ್ದರೆ ನನ್ನ ಗಂಡನನ್ನು ಕೇಳಿ. ಅಂಥ ನಾನೂ ನಮ್ಮಣ್ಣ ಮನೋಜನ ಹೆಂಡತಿ ಹರ್ಷದಾ ವೈನಿಯ ವಿಷಯ ಬಂದಾಗ ತಣ್ಣಗಾಗುತ್ತೇನೆ. ಯಾಕೆ ಎನ್ನುವುದನ್ನು ಹೇಳುತ್ತೇನೆ.

ನಮ್ಮಪ್ಪ ಗುಮಾಸ್ತಿಕೆ ಹುಡುಕಿಕೊಂಡು ಧಾರವಾಡದಿಂದ ಪುಣೆಗೆ ಬಂದವರು. ಸ್ವಾರಗೇಟಿನ ಹಿಂದೆ ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ ಮಾಡಿಟ್ಟು ತೀರಿಕೊಂಡರು. ಅಲ್ಲೀಗ ನಮ್ಮವ್ವ ರಂಗೂಬಾಯಿ, ಅಣ್ಣ, ವೈನಿ ಇದ್ದಾರೆ. ಅಣ್ಣ ಕಂಪನಿ ಬಸ್ಸು ಹಿಡಿದು ಕುರಕುಂಭದ ಕೆಮಿಕಲ್ ಫ್ಯಾಕ್ಟರಿಗೆ ಹೋಗುತ್ತಾನೆ. ಬೆಳಗಾವಿ ಕಡೆಯವರಾದ ವೈನಿ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಬಿಲ್ ಮಾಡಲು ಕೂರುತ್ತಾರೆ. ನಾನು ಮದುವೆಯಾಗಿ ವಿಮಾನ ನಗರ ಸೇರಿದವಳು.

ಎಲ್ಲ ಶುರುವಾದದ್ದು ಅವ್ವನ ಮೊಣಕಾಲಿನಿಂದ. ಎರಡೂ ಸವೆದು ಅವಳು ಮಹಡಿ ಇಳಿಯುವುದನ್ನೇ ಬಿಟ್ಟಿದ್ದಳು. ಆಪರೇಶನ್ನಿಗೆ ವಿಮೆಯವರು ಅರ್ಧ ಕೊಟ್ಟರು. ಉಳಿದದ್ದು ನಾನು ಕೊಡುತ್ತೇನೆ ಎಂದೆ. "ಮಗಳ ಮನಿ ರೊಕ್ಕ ನಾ ಮುಟ್ಟಾಂಗಿಲ್ಲ. ಬೇಕಾದ್ರ ಹಿಂಗ ಕುಂಟಕೋತ ಸಾಯ್ತೀನಿ" ಎಂದು ಅವ್ವ ಗೋಡೆಯ ಕಡೆ ಹೊರಳಿ ಮಲಗಿದಳು. ಹೆಣ್ಣು ಕೊಟ್ಟ ಮನೆಯಿಂದ ಏನನ್ನೂ ತೆಗೆದುಕೊಳ್ಳಬಾರದು ಎಂಬುದು ಅವಳ ಕಾಲದ ಕಟ್ಟು. ನಾನು ಕೂಗಾಡಿದೆ. ವೈನಿ ಕೂಗಾಡಲಿಲ್ಲ, ತಮ್ಮ ಹೆಸರಿನ ಮೇಲೆ ಪರ್ಸನಲ್ ಲೋನ್ ತೆಗೆದು ಆಸ್ಪತ್ರೆಗೆ ಕಟ್ಟಿದರು.

ಅವ್ವ ನಡೆಯತೊಡಗಿದಳು. ಬಡ್ಡಿ ಅವಳಿಗಿಂತ ಜೋರಾಗಿ ನಡೆಯಿತು. ವರ್ಷವಿಡೀ ಕಂತು ಕಟ್ಟಿದರೂ ಅಸಲು ಇದ್ದಲ್ಲೇ ಇದ್ದಂತಿತ್ತು. ಆಗ ಬೇರೊಂದು ಬ್ಯಾಂಕಿನವರು ವೈನಿಗೆ ಕ್ರೆಡಿಟ್ ಕಾರ್ಡು ಕೊಡಲು ಬಂದರು. ಕಾರ್ಡಿನ ಹಣದಿಂದ ಹಳೇ ಸಾಲ ತೀರಿಸಬಹುದು, ಒಂದಿಷ್ಟು ಫೀ ಬಿಟ್ಟರೆ ಒಂಬತ್ತು ತಿಂಗಳು ಬಡ್ಡಿಯಿಲ್ಲ ಎಂದರು.

"ಬಾಣಲೆಯಿಂದ ಬೆಂಕಿಗೆ ಬೀಳಾಕ ಹೊಂಟೀರಿ ವೈನಿ" ಎಂದು ನಾನು ಹಾರಾಡಿದೆ.

"ಇಲ್ಲ ಶರ್ವರಿ, ಎಲ್ಲಾ ಕೇಳಿ ತಿಳಕೊಂಡೀನಿ. ಇದು ಕೈಗಡ ಇದ್ದಂಗ. ಹೇಳಿದ ದಿನಾ ಹೊಳ್ಳಿ ಕೊಟ್ರ ಬಡ್ಡಿ ಇಲ್ಲ. ಅವತ್ತ ಒಂದ ರೂಪಾಯಿ ಉಳೀತಂದ್ರ ಮೊದಲನೇ ದಿನದಿಂದ ಎಲ್ಲಾ ಬಡ್ಡಿ ಹಚ್ತಾರ. ಉಳಿಸಬಾರದು, ಅಷ್ಟ."

ಹಳೇ ಲೋನ್ ಮುಗಿಯಿತು. ಕಾರ್ಡನ್ನು ವೈನಿ ಅವ್ವನ ಕೈಗೆ ಕೊಟ್ಟರು, ಕಣ್ಣೆದುರಿಗಿದ್ದರೆ ಸೀರೆ ಅಂಗಡಿ ಕರೆಯುತ್ತದೆ ಎಂದು. ಅವ್ವ ಅದಕ್ಕೆ ಕುಂಕುಮ ಹಚ್ಚಿ ದೇವರ ಪೆಟ್ಟಿಗೆಯಲ್ಲಿಟ್ಟಳು. ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು. ಆದರೆ ಆ ಒಂಬತ್ತು ತಿಂಗಳು ಆ ಮನೆಯಲ್ಲಿ ಒಂದು ಹೊಸ ಬಟ್ಟೆ ಬರಲಿಲ್ಲ, ವೈನಿ ಆಟೋ ಹತ್ತಲಿಲ್ಲ. ಅಣ್ಣನ ಬೋನಸ್ಸೂ ಅದಕ್ಕೇ ಹೋಯಿತು. ಕೊನೆಯ ಭಾಗಕ್ಕೆಂದು ವೈನಿ ದೀಪಾವಳಿಯ ಫರಾಳದ ಆರ್ಡರ್ ಹಿಡಿದರು. ಲ್ಯಾಬಿನಿಂದ ಬಂದು ಚಕಲಿ, ಶೇವು, ಕರಚಿಕಾಯಿ, ಬೇಸನ್ ಉಂಡಿ ಮಾಡುತ್ತಿದ್ದರು. ಅವರ ಕರಚಿಕಾಯಿ ತಿಂದ ಮರಾಠಿ ಹೆಂಗಸರು ತಮ್ಮ ಕರಂಜಿ ಮರೆತರು. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ, ನನ್ನ ಅತ್ತೆಯೂ ಅವರಲ್ಲೊಬ್ಬರು.

ಹಬ್ಬದ ಮುನ್ನಾ ದಿನ ಎಲ್ಲರ ಮನೆಗೂ ಡಬ್ಬಿ ಮುಟ್ಟಿದವು. ದುಡ್ಡು ನಾಳೆ ಕೊಡುತ್ತೇವೆ ಎಂದರು. ಮರುದಿನವೇ ಕಾರ್ಡಿನ ಗಡುವು. ಬೆಳಿಗ್ಗೆ ನಾನು ಹೋದಾಗ ವೈನಿ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಿದ್ದರು. ಕೆಲಸದ ಗಡಿಬಿಡಿಯಲ್ಲಿ ಗಡುವಿನ ತಾರೀಖು ನೋಡಿದ್ದರು, ತಿಥಿ ನೋಡಿರಲಿಲ್ಲ. ಅವತ್ತು ಅಮಾವಾಸ್ಯೆ, ಲಕ್ಷ್ಮೀಪೂಜೆ. ಕೊಡಬೇಕಾದ ಬಾಕಿಯ ದುಡ್ಡನ್ನು ಅವತ್ತು ಪುಣೆಯಲ್ಲಿ ಯಾರೂ ಮನೆಯಿಂದ ಹೊರಗೆ ಬಿಡುವುದಿಲ್ಲ. ಫೋನಿನಿಂದ ಕಳಿಸಿದರೂ ಲಕ್ಷ್ಮಿಯನ್ನು ಕಳಿಸಿದಂತೆಯೇ. ಆಗಲೇ ಒಬ್ಬೊಬ್ಬರ ಮೆಸೇಜು ಬರತೊಡಗಿತ್ತು: ಇಂದು ಲಕ್ಷ್ಮೀಪೂಜೆ, ಪಾಡ್ಯಕ್ಕೆ ಕೊಡುತ್ತೇವೆ.

ನನ್ನ ಪಿತ್ತ ನೆತ್ತಿಗೇರಿತು. ತಿನ್ನುವಾಗ ಯಾರಿಗೂ ಅಮಾವಾಸ್ಯೆ ನೆನಪಾಗಲಿಲ್ಲವೇ? ನಾನು ಫೋನ್ ತೆಗೆದು, ಉಳಿದದ್ದನ್ನು ಈಗಲೇ ಹಾಕುತ್ತೇನೆ ಎಂದೆ.

"ಬ್ಯಾಡ. ನಿನ್ನ ರೊಕ್ಕ ಮುಟ್ಟಾಂಗಿಲ್ಲಂತ ಅತ್ತಿಯವರಿಗೆ ಮಾತು ಕೊಟ್ಟೀನಿ" ಎಂದರು ವೈನಿ. ಸೆರಗು ಸಿಕ್ಕಿಸಿಕೊಂಡರು. "ಇವತ್ತ ಕೊಡೂದು ಬ್ಯಾಡ ಅಂತಾರ. ಕೊಳ್ಳೂದು ಬ್ಯಾಡ ಅನ್ನೂದಿಲ್ಲಲ್ಲ? ಸ್ಕೂಟರ್ ತಗಿ."

ಮಂಡಯಿ ಬಜಾರಿನಲ್ಲಿ ಕಸಬರಿಗೆಗಳ ರಾಶಿ ಬಿದ್ದಿತ್ತು. ಲಕ್ಷ್ಮೀಪೂಜೆಯ ದಿನ ಇಲ್ಲಿ ಮನೆಮನೆಗೂ ಹೊಸ ಕಸಬರಿಗೆ ಕೊಂಡು ತಂದು ಪೂಜಿಸುತ್ತಾರೆ, ಅದನ್ನು ಲಕ್ಷ್ಮಿ ಎಂದೇ ಕರೆಯುತ್ತಾರೆ. ವೈನಿ ಒಂದು ಹೊರೆ ಕೊಂಡರು. ನಾನು ಸ್ಕೂಟರ್ ಓಡಿಸಿದೆ, ಅವರು ಹಿಂದೆ ಕಸಬರಿಗೆಗಳನ್ನು ಅವುಚಿಕೊಂಡು ಕೂತರು.

ಡಬ್ಬಿ ಕೊಂಡವರಲ್ಲಿ ಮೊದಲ ಬಾಗಿಲು ಪಂಢರಿನಾಥ ಕಾಕಾರದು. ಪೇಪರಿನವನಿಗೂ ಚಿಲ್ಲರೆ ಎಣಿಸಿ ಎಣಿಸಿ ಕೊಡುವ ಮನುಷ್ಯ. ನಮ್ಮನ್ನು ಕಂಡೊಡನೆ ಮರಾಠಿಯಲ್ಲಿ, ಇವತ್ತು ದುಡ್ಡು ಕೇಳಬೇಡವಮ್ಮಾ ಎಂದರು.

"ದುಡ್ಡು ಕೇಳೋಕೆ ಬಂದಿಲ್ಲ ಕಾಕಾ" ಎಂದು ವೈನಿಯೂ ಮರಾಠಿಯಲ್ಲೇ ಹೇಳಿ, ಕಸಬರಿಗೆಗೆ ಅರಿಶಿನ ಕುಂಕುಮ ಹಚ್ಚಿ ಎರಡೂ ಕೈಯಲ್ಲಿ ಚಾಚಿದರು. "ಲಕ್ಷ್ಮಿ ತಂದಿದ್ದೇನೆ. ಕೊಳ್ಳುತ್ತೀರಾ?"

"ಎಷ್ಟು?"

"ಒಂದು ಡಬ್ಬಿ ಫರಾಳದಷ್ಟು."

ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಬೇಡ ಎನ್ನುವ ಎದೆ ಯಾರಿಗಿದೆ? ಕಾಕಾ ಹೊಟ್ಟೆ ಕುಣಿಸಿ ನಕ್ಕರು, ಹೆಂಡತಿಯನ್ನು ಕೂಗಿ ಕರೆದು ಮತ್ತೆ ನಕ್ಕರು, ಫೋನ್ ತೆಗೆದು ಅಲ್ಲೇ ಹಣ ಹಾಕಿದರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವುದು ಸುಳ್ಳಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಸಬರಿಗೆ ಮುಗಿದವು. ಬೇಕಾದಷ್ಟು ಹಣ ವೈನಿಯ ಖಾತೆಯಲ್ಲಿತ್ತು.

"ಇಲ್ಲೇ ರಸ್ತಾದಾಗ ಕಟ್ಟಿಬಿಡ್ರಿ" ಎಂದೆ. "ಮನಿಗೆ ಹೋದ್ರ ಇವತ್ತ ರೊಕ್ಕ ಹೊರಗ ಹೋಗಾಕ ಅವ್ವ ಬಿಡಾಂಗಿಲ್ಲ."

"ಅತ್ತಿಯವರಿಗೆ ಹೇಳದ ಕದ್ದು ಕಟ್ಟಾಂಗಿಲ್ಲ" ಎಂದರು ವೈನಿ.

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಊರವರನ್ನೆಲ್ಲ ಗೆದ್ದುಬಂದವರು ನಮ್ಮವ್ವನೆಂಬ ಬಂಡೆಗೆ ತಲೆ ಕೊಡಲು ಹೊರಟಿದ್ದರು.

ಅವ್ವ ಪೂಜೆಗೆ ಅಣಿ ಮಾಡುತ್ತಿದ್ದಳು. ವೈನಿ ಅವಳ ಮುಂದೆ ಫೋನ್ ಹಿಡಿದು ಎಲ್ಲವನ್ನೂ ಹೇಳಿದರು. ಇವತ್ತೇ ಗಡುವು ಎಂಬುದನ್ನೂ, ತಿಥಿ ನೋಡದೆ ತಪ್ಪಿದ್ದನ್ನೂ ಹೇಳಿದರು. "ನೀವು ಹ್ಞೂಂ ಅಂದ್ರ ಕಟ್ತೀನಿ ಅತ್ತಿ. ಬ್ಯಾಡ ಅಂದ್ರ ಬಡ್ಡಿ ತುಂಬತೀನಿ."

ಅವ್ವ ಕುರ್ಚಿ ಹಿಡಿದು ಎದ್ದಳು. ಪೂಜೆಗೆಂದು ಇಟ್ಟಿದ್ದ ಹೊಸ ಕಸಬರಿಗೆ ತೆಗೆದುಕೊಂಡು ದೇವರ ಮೂಲೆಯಿಂದ ಹೊಸ್ತಿಲ ತನಕ, ನಿಧಾನವಾಗಿ ಬಗ್ಗಿ ಬಗ್ಗಿ ಗುಡಿಸಿದಳು. ಲಕ್ಷ್ಮಿ ಬರುವ ಮೊದಲು ಅವಳ ಅಕ್ಕ ದರಿದ್ರಲಕ್ಷ್ಮಿಯನ್ನು ಹೀಗೇ ಹೊರಗೆ ಕಳಿಸುತ್ತಾರೆ. ಹೊಸ್ತಿಲಲ್ಲಿ ನಿಂತು ತಿರುಗಿದಳು.

"ಸಾಲ ಅಂದ್ರ ಲಕ್ಷ್ಮಿ ಏನವಾ? ಅದು ಆಕಿ ಅಕ್ಕ. ಇವತ್ತ ಹೋಗದ ಮತ್ಯಾವತ್ತ ಹೋಗಬೇಕು? ಒತ್ತು."

ವೈನಿ ಒತ್ತಿದರು. ಬಾಕಿ ಏನೂ ಇಲ್ಲ ಎಂಬ ಮೆಸೇಜು ಬಂತು. ಅಷ್ಟು ತಿಂಗಳು ಒಂದು ಹನಿ ಕಣ್ಣೀರು ಹಾಕದ ವೈನಿ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಅಳುತ್ತಲೇ ವೈನಿ ಅವ್ವನ ಕಡೆ ಕೈ ಚಾಚಿದರು: "ಕೂಡ್ರಿ ಅತ್ತಿ, ಕಾಲು ನೋಯ್ತಾವ."

"ನೋಯಲಿ ಬಿಡವಾ" ಎಂದಳು ಅವ್ವ. "ಇವತ್ತ ಇವು ನನ್ನವು ಆದುವು."