ಮೊದಲ ಚಪಾತಿ ತಿಂದ ಕೋಣಗರು

ತಬೇಲಾದಲ್ಲಿ, ಅಂದರೆ ಎಮ್ಮೆ ಕೊಟ್ಟಿಗೆಯಲ್ಲಿ, ಗಂಡು ಕರು ಹುಟ್ಟಿದರೆ ಯಾರೂ ಪೇಢೆ ಹಂಚುವುದಿಲ್ಲ. ಎಮ್ಮೆ ಹಾಲು ಇಳಿಸಲಿ ಎಂದು ಎರಡು ನಿಮಿಷ ಕೆಚ್ಚಲಿಗೆ ಬಿಟ್ಟು, ಆಮೇಲೆ ಎಳೆದು ಕಟ್ಟುತ್ತಾರೆ. ನನ್ನ ಗಂಡ ಕುರ್ಲಾ ಕಡೆಯ ಒಂದು ತಬೇಲಾದಲ್ಲಿ ಹಾಲು ಕರೆಯುತ್ತಾನೆ. ಮಾಲೀಕರಿಗೆ ಬೇಡವಾದ ಕೋಣಗರುಗಳನ್ನು ನಾವು ಇಟ್ಟುಕೊಂಡು, ಶೆಡ್ಡಿನ ಹಿಂದೆ ಸಾಕಿ, ಮೈ ತುಂಬಿದ ಮೇಲೆ ಮಾಂಸಕ್ಕೆ ಮಾರುತ್ತೇವೆ. ನೋಡಿ, ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಇಷ್ಟನ್ನು ಒಬ್ಬರಿಗೆ ಮಾತ್ರ ನನ್ನಿಂದ ಹೇಳಲಾಗಲಿಲ್ಲ.

ಅವರು ಸಾಂತಾಕ್ರೂಜ್‌ನಲ್ಲಿ ನಾನು ಅಡುಗೆ ಮಾಡುವ ಮನೆಯ ಅಮ್ಮ. ಮೈಸೂರು ಕಡೆಯವರು, ಮಗಳ ಜೊತೆ ಇದ್ದಾರೆ. ಆ ಮನೆಯಲ್ಲಿ ಹಂಚಿನಿಂದ ಇಳಿದ ಮೊದಲ ಚಪಾತಿ ಹಸುವಿಗೆ. ತುಪ್ಪ ಸವರಿ, ಬೆಲ್ಲ ಇಟ್ಟು, ಅವರ ಯಜಮಾನರು ತಾವೇ ಒಯ್ದು ದೇವಸ್ಥಾನದ ಮುಂದೆ ಹಸು ಕಟ್ಟಿಕೊಂಡು ಕೂರುತ್ತಿದ್ದ ಹೆಂಗಸಿನ ಹಸುವಿಗೆ ತಿನ್ನಿಸಿ ಬರುತ್ತಿದ್ದರಂತೆ. ಯಜಮಾನರು ತೀರಿಕೊಂಡರು. ಆ ಹೆಂಗಸೂ ಬರುವುದು ಬಿಟ್ಟಳು.

"ನಿನ್ನ ಗಂಡ ತಬೇಲಾದಲ್ಲಿ ಅಲ್ವೇನಮ್ಮಾ? ಅವರು ಮಾಡ್ತಿದ್ದ ಕೆಲಸ ನಿಲ್ಲಬಾರದು. ಅಲ್ಲಿ ಯಾವ್ದಾದ್ರೂ ಹಸುಗೆ ಕೊಟ್ಬಿಡು" ಎಂದರು.

"ಕೊಡ್ತೀನ್ರೀ ಅಮ್ಮಾರ" ಎಂದೆ.

ತಬೇಲಾದಲ್ಲಿ ಹಸು ಇದ್ದದ್ದು ಒಂದೇ, ಮಾಲೀಕರ ಪೂಜೆಗೆ. ಅದಕ್ಕೆ ಹಾಕುವವರು ಬೇಕಾದಷ್ಟು ಜನ. ನಾನು ಡಬ್ಬಿ ತೆಗೆದದ್ದು ನಮ್ಮ ಕೋಣಗರುವಿನ ಮುಂದೆ. ದಾದರ್ ಮಾರ್ಕೆಟ್ಟಿನ ಹೂಕೋಸಿನ ಎಲೆ, ಬಟಾಣಿ ಸಿಪ್ಪೆ, ಒಂದಿಷ್ಟು ಬೂಸಾ, ಮೇಲೆ ತುಪ್ಪದ ಚಪಾತಿ. ಡಬ್ಬಿಯ ಸದ್ದಾದರೆ ಹಗ್ಗ ಜಗ್ಗಿ ಕುಣಿಯುತ್ತಿತ್ತು.

ಅಮ್ಮ ದಿನಾ ಕೇಳುವರು. ಯಾವ ಬಣ್ಣ? ಕೆಂದ್ರೀ. ಹಸುವೋ ಕರುವೋ? ಕರಾ ರೀ. ಹಣೆ ಮೇಲೆ ಏನಾದ್ರೂ ಗುರುತಿದೆಯಾ? ಬಿಳಿ ಚುಕ್ಕಿ ಐತ್ರಿ. ಸುಳ್ಳು ನನ್ನ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತಿತ್ತೆಂದರೆ, ಚಪಾತಿ ಲಟ್ಟಿಸುವ ಕೈ ಒಂದು ಸಲವೂ ನಿಲ್ಲುತ್ತಿರಲಿಲ್ಲ.

ಯಜಮಾನರ ವರ್ಷಾಬ್ದಿಕದ ಮಾರನೆಯ ದಿನ ಅಮ್ಮ ರಿಕ್ಷಾ ಮಾಡಿಸಿಕೊಂಡು ತಬೇಲಾಕ್ಕೇ ಬಂದುಬಿಟ್ಟರು. ತಮ್ಮ ಕೈಯಾರೆ ತಿನ್ನಿಸಬೇಕಂತೆ. ಹಿಂದಿನ ಸಂಜೆಯೇ ಫೋನಿನಲ್ಲಿ ಹೇಳಿದ್ದರಿಂದ ನಾನು ಮಾಲೀಕರ ಹಸುವಿನ ಕರುವನ್ನು ತಂದು ಮುಂದೆ ಕಟ್ಟಿಸಿದ್ದೆ. ಹಣೆ ಮೇಲೆ ಚುಕ್ಕಿ ಬೇಕಲ್ಲ, ರಂಗೋಲಿ ಪುಡಿ ಒತ್ತಿದೆ.

"ಇದೇನ್ ನಾಟಕಾ ಹಚ್ಚೀದಿ? ಖರೇ ಹೇಳಿದ್ರ ಆ ಮುದುಕಿ ನಿನ್ನ ತಿಂತಾಳೇನ?" ಎಂದು ಗಂಡ ಬೈದ.

ಅಮ್ಮ ಡಬ್ಬಿ ತೆಗೆದರು. ಕೆಂದು ಕರು ಮೂಸಿ ಮುಖ ತಿರುಗಿಸಿತು. ಹಿಂದಿನಿಂದ ನಮ್ಮ ಕೋಣಗರು ಗೂಟ ಕಿತ್ತುಕೊಂಡು ಬಂದು ಅಮ್ಮನ ಕಂಕುಳ ಕೆಳಗೆ ಮೂತಿ ತೂರಿಸಿ ಚಪಾತಿ ಎಳೆದುಕೊಂಡಿತು.

ಅಮ್ಮ ಅದನ್ನು ನೋಡಿದರು. ಕೆಂದು ಕರುವಿನ ಹಣೆ ಒರೆಸಿ, ಬೆರಳಿಗೆ ಬಂದ ಪುಡಿ ನೋಡಿದರು. ಆಮೇಲೆ ನನ್ನನ್ನು.

"ಇಷ್ಟು ದಿನ ತಿಂದಿದ್ದು ಇದೇ ತಾನೇ?"

"ಹೌದ್ರಿ."

"ಇದನ್ನ ಏನ್ ಮಾಡ್ತೀರಾ?"

ನಾನು ಕೋಣಗರುವಿನ ಹಗ್ಗ ಹಿಡಿದು ಹಿಂದಕ್ಕೆ ಎಳೆದೆ. ಮಾಂಸಕ್ಕೆ ಮಾರುತ್ತೇವೆ ಎಂದು ಅವರಿಗೆ ಅಷ್ಟರಲ್ಲೇ ತಿಳಿದುಹೋಯಿತು. ಬೈಯುತ್ತಾರೆ ಎಂದುಕೊಂಡೆ. ಅವರು ಕೋಣಗರುವಿನ ಬೆನ್ನು ಸವರಿದರು.

"ಯಾರ್ ತಿಂದ್ರೇನು, ಹಸಿದಿತ್ತು, ತಿಂತು. ಎಷ್ಟು ಚೆನ್ನಾಗಿ ಮೈ ತುಂಬ್ಕೊಂಡಿದೆ! ನನ್ನದೊಂದು ಮಾತು ನಡೆಸ್ಕೊಡ್ತೀಯಾ? ಇದೊಂದನ್ನ ಮಾರಬೇಡ. ನಮ್ಮ ಯಜಮಾನರ ಪಾಲಿನ ಅನ್ನ ತಿಂದು ಬೆಳೆದದ್ದು."

"ಇಲ್ರೀ ಅಮ್ಮಾರ, ಇದನ್ನ ಮಾರೂದಿಲ್ಲ" ಎಂದು ಅವರ ಕೈ ಮುಟ್ಟಿ ಹೇಳಿದೆ.

ಹದಿನೈದು ದಿನಕ್ಕೆ ಮಾರಿದೆವು. ಮಗಳ ಫೀಸಿತ್ತು, ಆಸ್ಪತ್ರೆ ಖರ್ಚಿತ್ತು ಎಂದು ಬರೆಯಬಹುದು. ಅಂಥದ್ದೇನೂ ಇರಲಿಲ್ಲ. ಕರು ತೂಕಕ್ಕೆ ಬಂದಿತ್ತು, ಇನ್ನು ಇಟ್ಟರೆ ತಿನ್ನುವುದು ಹೆಚ್ಚು, ಮೈಗೆ ಹತ್ತುವುದು ಕಡಿಮೆ. ವ್ಯಾಪಾರಿ ಅಮ್ಮ ಸವರಿದ ಜಾಗದಲ್ಲೇ ಬೆನ್ನು ಒತ್ತಿ ನೋಡಿ, "ಅಚ್ಛಾ ಭರಾ ಹೈ, ಭಾಭಿ. ಕ್ಯಾ ಖಿಲಾತೀ ಹೋ?" ಎಂದ. ಚೆನ್ನಾಗಿ ಮೈ ತುಂಬಿದೆ, ಏನು ತಿನ್ನಿಸುತ್ತೀಯ ಎಂದು ಕೇಳಿದ್ದಕ್ಕೆ ನನಗೆ ಹೆಮ್ಮೆಯಾಯಿತು. ನಾಚಿಕೆ ಆಮೇಲೆ ಬಂತು, ಟೆಂಪೋ ಹೋದ ಮೇಲೆ.

ಮರುದಿನ ಹೇಳಿಬಿಡಬೇಕೆಂದೇ ಹೋದೆ. ಅಮ್ಮ ಆಗಲೇ ಚಪಾತಿಗೆ ತುಪ್ಪ ಸವರುತ್ತಾ ಕೂತಿದ್ದರು. ಈಗ ಎರಡು ಚಪಾತಿ. "ಬೆಳೆಯೋ ಜೀವ, ಒಂದು ಸಾಲೋದಿಲ್ಲ ಕಣಮ್ಮಾ" ಎಂದರು. ಡಬ್ಬಿ ಇಸಿದುಕೊಂಡೆ.

ಆ ಚಪಾತಿಗಳನ್ನು ಇನ್ನೊಂದು ಕರುವಿಗೆ ಹಾಕಲು ಮನಸ್ಸಾಗಲಿಲ್ಲ, ಎಸೆಯಲೂ ಆಗಲಿಲ್ಲ. ಸಾಂತಾಕ್ರೂಜ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ನಾನೇ ತಿಂದೆ. ಈಗ ದಿನಾ ನಾನೇ ತಿನ್ನುತ್ತೇನೆ.

"ಕರು ತಿಂತೇನಮ್ಮಾ?" ಎಂದು ಅಮ್ಮ ಕೇಳುತ್ತಾರೆ.

"ತಿಂತ್ರೀ" ಎನ್ನುತ್ತೇನೆ.